ಮೆದು ಕಂಬಳಿ, ಗಡಸು ನೀರು

ಮಿರ್‌ಫೀಲ್ಡ್, ಯಾರ್ಕ್‌ಶೈರ್
ಭಾನುವಾರ, 14 ಜನವರಿ 1934

ಓಲಿವ್‌ಗೆ,

ನಾನು ಹೆಟ್ಟಿಯ ದೊಡ್ಡಮ್ಮ ಆನಿಸ್. ನಾವಿಬ್ಬರೂ ಮುಖ ನೋಡಿದ್ದು ಒಂದೇ ಸಲ, ಹೋದ ನವೆಂಬರಿನಲ್ಲಿ, ರೈಲು ನಿಲ್ದಾಣದಲ್ಲಿ. ನೀನು ಹಸಿರು ಟೋಪಿ ಹಾಕಿಕೊಂಡು ಹೆಟ್ಟಿಯ ಕೈ ಹಿಡಿದು ನಿಂತಿದ್ದೆ. ಆಗ ಮಾತಾಡಲು ಪುರಸೊತ್ತಾಗಲಿಲ್ಲ, ಈಗ ಆಡುತ್ತೇನೆ.

ನನ್ನ ತಂಗಿ ಕ್ಲಾರಾ ತೀರಿಕೊಂಡ ಮೇಲೆ ಎರಡು ವರ್ಷ ಆ ಮಗುವನ್ನು ಸಾಕಿದವಳು ನಾನು. ವಿಲ್ಫ್ರೆಡ್ ನಿನ್ನನ್ನು ಮದುವೆಯಾದ, ಮಗಳನ್ನು ದಕ್ಷಿಣಕ್ಕೆ ಕರೆದುಕೊಂಡು ಹೋದ. ಹೆತ್ತ ಅಪ್ಪ, ನಾನು ಅಡ್ಡ ಬರಲಿಲ್ಲ. ಆದರೆ ಮೂರೇ ವಾರಕ್ಕೆ ಅವನು ಹಡಗಿನ ಅಡುಗೆಮನೆ ಸೇರಿ ಅರ್ಜೆಂಟೀನಾ ಕಡೆ ಹೊರಟುಹೋದನಂತೆ. ಏಳು ವರ್ಷದ ಮಗು ಈಗ ನಿನ್ನೊಬ್ಬಳ ಕೈಯಲ್ಲಿದೆ. ನಿನ್ನ ವಿಷಯದಲ್ಲಿ ನನಗೆ ಗೊತ್ತಿರುವುದು ಆ ಟೋಪಿ ಮಾತ್ರ.

ಮಗುವನ್ನು ಕರೆದುಕೊಂಡು ಹೊರಡುವ ದಿನ ವಿಲ್ಫ್ರೆಡ್ ನನ್ನ ಅಡುಗೆಮನೆಯಲ್ಲಿ ನಿಂತು ಆಡಿದ ಮಾತು ನಿನಗೂ ತಿಳಿದಿರಲಿ. "ಆನಿಸ್, ಮಗು ಅಲ್ಲಿ ಹೊಂದ್ಕೊಳ್ಳಲಿಲ್ಲ ಅಂತ ನಿಂಗನ್ಸಿದ್ರೆ ವಿಟ್ಸನ್ ಹಬ್ಬಕ್ಕೆ ಬಂದು ಕರ್ಕೊಂಡ್ಹೋಗು. ನಾನು ಒಂದು ಮಾತೂ ಆಡಲ್ಲ" ಅಂದ. ಹಬ್ಬ ಮೇ ಇಪ್ಪತ್ತಕ್ಕೆ. ನಾಲ್ಕು ತಿಂಗಳಿದೆ. ನಾನು ನೋಡುತ್ತಿರುತ್ತೇನೆ.

ಅವಳ ಪೆಟ್ಟಿಗೆಯಲ್ಲಿ ಒಂದು ಬಿಳಿ ಕಂಬಳಿ ಇಟ್ಟಿದ್ದೆ. ನಮ್ಮ ಗಿರಣಿಯದೇ, ನಾನೇ ಕೈಯಾಡಿಸಿ ಆರಿಸಿದ್ದು. ಅವಳು ಹುಟ್ಟಿದಾಗಿನಿಂದ ಅದರಲ್ಲೇ ಮಲಗಿದವಳು. ಜೋಪಾನ.

ಆನಿಸ್ ಸಟ್‌ಕ್ಲಿಫ್

ಗ್ರೇವ್ಸೆಂಡ್, ಕೆಂಟ್
30 ಜನವರಿ

ಪ್ರಿಯ ಮಿಸ್ ಸಟ್‌ಕ್ಲಿಫ್,

ನಿಮ್ಮ ಕಾಗದ ತಲುಪಿತು. ಹೆಟ್ಟಿ ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ. ಗಂಜಿ ತಿನ್ನುತ್ತಾಳೆ, ಅಂಚಿನ ಕೆನೆಯನ್ನು ಮಾತ್ರ ಬಿಡುತ್ತಾಳೆ. ಕಂಬಳಿ ಇಲ್ಲದೆ ಮಲಗುವುದಿಲ್ಲ.

ಅವಳು ಬಹಳ ಮೆದು ಹುಡುಗಿ. ನನಗೆ ಅದೇ ಇಷ್ಟವಾಯಿತು. ನೀವು ಆತಂಕಪಡುವ ಕಾರಣವಿಲ್ಲ.

ನಿಮ್ಮ ವಿಶ್ವಾಸದ,
ಓಲಿವ್

ಮಿರ್‌ಫೀಲ್ಡ್
ಭಾನುವಾರ, 4 ಫೆಬ್ರವರಿ

ಓಲಿವ್‌ಗೆ,

ಹದಿನಾರು ದಿನ ಕಾಯಿಸಿ ಹತ್ತು ಸಾಲು ಬರೆದೆ. ಆ ಹತ್ತರಲ್ಲಿ ಒಂದು ಬೈಗುಳ.

ಮೆದು ಅಂತೀಯಲ್ಲ, ನಮ್ಮೂರಿನಲ್ಲಿ ಆ ಮಾತನ್ನು ಎಲ್ಲಿ ಬಳಸಬೇಕು ಎಲ್ಲಿ ಬಳಸಬಾರದು ಎಂಬುದಕ್ಕೆ ಲೆಕ್ಕವಿದೆ. ಕಂಬಳಿ ಮೆದು ಅಂದರೆ ಗಿರಣಿಗೆ ಹೆಸರು. ಬೆಣ್ಣೆ ಮೆದುವಾಗಿರಲಿ, ರೊಟ್ಟಿ ಮೆದುವಾಗಿರಲಿ, ಯಾರೂ ಬೇಡ ಅನ್ನುವುದಿಲ್ಲ. ಸೇಬು ಮೆತ್ತಗಾದರೆ ಹಂದಿಗೆ ಹಾಕುತ್ತೇವೆ. ನೆಲ ಮೆತ್ತಗಾದರೆ ಗಾಡಿ ಹೂತುಹೋಗುತ್ತದೆ. ಇನ್ನು ಮನುಷ್ಯರನ್ನು ಮೆತ್ತಗೆ ಅಂದರೆ ತಲೆಯಲ್ಲಿ ಏನೂ ಇಲ್ಲ, ಬೆನ್ನಲ್ಲಿ ಮೂಳೆಯಿಲ್ಲ, ಯಾರು ಬೇಕಾದರೂ ತುಳಿಯಬಹುದು ಅಂತ. ನನ್ನ ತಂಗಿಯ ಮಗಳು ಅಂಥವಳಲ್ಲ. ಅವಳು ಅಳುವಾಗಲೆಲ್ಲ "ಮೆತ್ತಗಾಗ್ಬೇಡ" ಅಂತ ಹೇಳಿ ಹೇಳಿ ಗಟ್ಟಿ ಮಾಡಿದ್ದೆ. ನೀನು ಎರಡೇ ತಿಂಗಳಲ್ಲಿ ಕೆಡಿಸಿದೆಯಾ?

ಇಪ್ಪತ್ತೊಂಬತ್ತು ವರ್ಷದಿಂದ ನನಗೆ ಒಂದೇ ಕೆಲಸ. ಮಗ್ಗದಿಂದ ಬಂದ ಕಂಬಳಿ ಗೋಣಿಯ ಹಾಗಿರುತ್ತದೆ. ಒಣಗಿದ ಮುಳ್ಳುಹೂಗಳ ಉರುಳೆಯ ಮೇಲೆ ಅದನ್ನು ಎಳೆಯುತ್ತಾರೆ. ಮುಳ್ಳು ಗೀರಿದರೇ ಉಣ್ಣೆಯ ಸಣ್ಣ ಎಳೆ, ಅಂದರೆ ನವಿರು, ಏಳುವುದು; ನವಿರು ಎದ್ದರೇ ಮೆದು. ಆಮೇಲೆ ನಾನು ಕಣ್ಣುಮುಚ್ಚಿ ಕೈಯಾಡಿಸಿ ಪಾಸು ಅಥವಾ ಫೇಲು ಅನ್ನುತ್ತೇನೆ. ಮಾಲೀಕರೂ ನನ್ನ ಕೈಗೆ ಎದುರು ಹೇಳುವುದಿಲ್ಲ. ಮಕ್ಕಳೂ ಅಷ್ಟೇ, ಸ್ವಲ್ಪ ಗೀರಬೇಕು.

ಹೆಟ್ಟಿಯ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸು. ಅವಳಿಗೆ ಅಕ್ಷರ ಬರುತ್ತದೆ.

ಆನಿಸ್

ಗ್ರೇವ್ಸೆಂಡ್
26 ಫೆಬ್ರವರಿ

ಮಿಸ್ ಸಟ್‌ಕ್ಲಿಫ್,

ನಮ್ಮ ಕಡೆ ಮೆದು ಮಾತು, ಮೆದು ಮನಸ್ಸು ಅಂದರೆ ಹೊಗಳಿಕೆ. ನನ್ನಮ್ಮ ಸತ್ತಾಗ ಪಾದ್ರಿಗಳು ಅದೇ ಮಾತು ಹೇಳಿದರು, ನಮಗೆ ಸಮಾಧಾನವಾಗಿತ್ತು. ನಿಮಗೆ ನೋವಾಗಿದ್ದರೆ ಕ್ಷಮಿಸಿ.

ಹೆಟ್ಟಿಗೆ ಈಗ ಬರೆಯಲು ಮನಸ್ಸಿಲ್ಲ. ಒತ್ತಾಯ ಮಾಡಲಿಲ್ಲ.

ಇನ್ನೊಂದು ವಿಷಯ. ಹೋದ ಮಂಗಳವಾರ ಮಿಸ್ ಟ್ರಿಂಡರ್ ಎನ್ನುವವರು ಬಂದರು. ಚಾಪೆಲ್ ಪ್ರಾರ್ಥನಾಮಂದಿರದವರಂತೆ. ನಾವು ಚಾಪೆಲ್‌ಗೆ ಹೋಗುವವರಲ್ಲ. ಟೀ ಕೊಟ್ಟೆ. ಅವರು ಟೀ ಕುಡಿದಿದ್ದಕ್ಕಿಂತ ಗೋಡೆ ನೋಡಿದ್ದೇ ಹೆಚ್ಚು. ಮೆಟ್ಟಿಲ ಕೆಳಗಿನ ಕಪಾಟು ತೆಗೆದು "ಓ, ಇದು ಬಚ್ಚಲಲ್ವಾ" ಅಂದರು. ಬಚ್ಚಲು ಕಪಾಟಿನಲ್ಲಿರುವ ಮನೆಯನ್ನು ನಾನಂತೂ ನೋಡಿಲ್ಲ. ಹೆಟ್ಟಿಯ ತೋಳು ಹಿಡಿದು, ಅಂಗಿಯ ಕೈ ಮೇಲೆ ಸರಿಸಿ, "ಎಷ್ಟು ಸಣ್ಣಗಿದ್ದೀಯಮ್ಮಾ" ಅಂದರು. ಏನು ಹುಡುಕುತ್ತಿದ್ದರು ಎಂದು ನನಗೂ ಅರ್ಥವಾಗುತ್ತದೆ. ಅವರಿಗೆ ನಮ್ಮ ವಿಳಾಸ ಕೊಟ್ಟವರು ಯಾರು?

ಓಲಿವ್

ಮಿರ್‌ಫೀಲ್ಡ್
ಭಾನುವಾರ, 11 ಮಾರ್ಚ್

ಓಲಿವ್‌ಗೆ,

ನಾನೇ ಕೊಟ್ಟೆ. ಸುಳ್ಳು ಹೇಳುವ ಅಭ್ಯಾಸವಿಲ್ಲ. ಅವಳು ನಮ್ಮ ಪಾದ್ರಿಯ ಅಕ್ಕ, ನಿನ್ನ ಊರಿನಲ್ಲೇ ಮನೆ. ತಪ್ಪಿಲ್ಲದವಳು ಕಪಾಟು ತೆಗೆದರೆ ಯಾಕೆ ಉರಿದುಬೀಳಬೇಕು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಟ್ರಿಂಡರ್ ಏನು ಬರೆದಿದ್ದಾಳೆ ಕೇಳು. ಆ ದಿನ ಒಳ್ಳೆಯ ಬಿಸಿಲು, ಒಳ್ಳೆಯ ಗಾಳಿ. ಅಕ್ಕಪಕ್ಕದ ಅಂಗಳಗಳಲ್ಲೆಲ್ಲ ಬಟ್ಟೆ ಹಾರುತ್ತಿತ್ತು. ನಿನ್ನ ಹಗ್ಗದ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಆದರೆ ಮನೆಯೆಲ್ಲ ಒದ್ದೆ ಉಣ್ಣೆಯ ವಾಸನೆ. ಅಡುಗೆಮನೆಯ ಬಾಗಿಲು ಮುಚ್ಚಿತ್ತು, ಅವಳು ಹಿಡಿಗೆ ಕೈ ಹಾಕಿದಾಗ ನೀನು ಅಡ್ಡ ನಿಂತೆಯಂತೆ. ಮಗು ನಿನ್ನ ಮುಖ ನೋಡಿ ನೋಡಿ ಮಾತಾಡಿತಂತೆ.

ಆ ಬಾಗಿಲ ಹಿಂದೆ ಏನಿತ್ತು?

ಅದಿರಲಿ. ಚಳಿ ಮುಗಿಯುತ್ತಾ ಬಂತು. ಹೆಟ್ಟಿಯ ಕಂಬಳಿಯನ್ನು ಇಲ್ಲಿಗೆ ಕಳಿಸು. ಗಿರಣಿಯಲ್ಲಿ ಇನ್ನೊಮ್ಮೆ ನವಿರು ಎಬ್ಬಿಸಿ, ಅಂಚಿಗೆ ಹೊಸ ಪಟ್ಟಿ ಹೊಲಿದು ವಾಪಸು ಕಳಿಸುತ್ತೇನೆ.

ಆನಿಸ್

ಗ್ರೇವ್ಸೆಂಡ್
9 ಏಪ್ರಿಲ್

ಮಿಸ್ ಸಟ್‌ಕ್ಲಿಫ್,

ತಡವಾಯಿತು. ಹೆಟ್ಟಿಯ ಕೈಯಿಂದ ಬಿಡಿಸಿಕೊಳ್ಳಲು ಇಷ್ಟು ದಿನ ಬೇಕಾಯಿತು. ಬೇಗ ವಾಪಸು ಕಳಿಸಿ. ಬಣ್ಣ ಸ್ವಲ್ಪ ಮಾಸಿದೆ.

ಓಲಿವ್

ಮಿರ್‌ಫೀಲ್ಡ್
ಭಾನುವಾರ, 15 ಏಪ್ರಿಲ್

ಓಲಿವ್‌ಗೆ,

ಪಾರ್ಸೆಲ್ ಬಿಚ್ಚಿ ಕಂಬಳಿಯ ಮೇಲೆ ಕೈಯಿಟ್ಟೆ.

ಇದನ್ನು ಮಾಸಿದೆ ಅಂತೀಯಾ? ಇದು ಹಲಗೆ. ಮಡಚಿ ನಿಲ್ಲಿಸಿದರೆ ಗೋಡೆಗೆ ಒರಗದೆ ನಿಲ್ಲುತ್ತದೆ. ನವಿರೆಲ್ಲ ಸತ್ತು ಗಂಟುಕಟ್ಟಿದೆ. ಒಂದು ಅಂಚು ಕಂದಿದೆ, ಬೆಂಕಿಗೆ ಹಿಡಿದು ಒಣಗಿಸಿದ ಗುರುತು. ಹೊರಗೆ ಗಾಳಿ ಬೀಸುವಾಗ ಉಣ್ಣೆಯನ್ನು ಒಲೆಯ ಮುಂದೆ ಒಣಗಿಸುವವಳು ಸೋಮಾರಿ, ಇಲ್ಲವೇ ಏನನ್ನೋ ಮುಚ್ಚಿಡುವವಳು. ಗಿರಣಿಗೆ ಒಯ್ದು, ಯಾರದು ಎಂದು ಹೇಳದೆ, ನನ್ನ ಜೊತೆ ಕೆಲಸ ಮಾಡುವ ನಾಲ್ವರಿಗೆ ಮುಟ್ಟಿಸಿದೆ. "ನಾಯಿ ಮಲಗೋದಾ?" ಅಂದಳು ಒಬ್ಬಳು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ಮಗುವನ್ನು ಎಲ್ಲಿ ಮಲಗಿಸುತ್ತೀ? ನೇರವಾಗಿ ಕೇಳುತ್ತಿದ್ದೇನೆ. ಕಲ್ಲಿದ್ದಲ ಕೋಣೆಯಲ್ಲಾ?

ಮೇ ಹತ್ತೊಂಬತ್ತು, ಶನಿವಾರ, ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಹಬ್ಬಕ್ಕೆ ಹೊಸ ಬಟ್ಟೆ ಹೊಲಿದಿಟ್ಟಿದ್ದೇನೆ. ಅವಳ ಪೆಟ್ಟಿಗೆ ಕಟ್ಟಿಟ್ಟಿರು.

ಆನಿಸ್

ಗ್ರೇವ್ಸೆಂಡ್
20 ಏಪ್ರಿಲ್

ಮಿಸ್ ಸಟ್‌ಕ್ಲಿಫ್,

ನಿಮ್ಮ ಊರಿನ ನೀರು ಬೆಟ್ಟದಿಂದ ಇಳಿದು ಬರುವ ಮೆದು ನೀರು ಎಂದು ವಿಲ್ಫ್ರೆಡ್ ಹೇಳುತ್ತಿದ್ದರು, ಸೋಪು ಮುಟ್ಟಿಸಿದರೆ ಬಕೆಟ್ ತುಂಬ ನೊರೆಯಂತೆ. ನಮ್ಮದು ಸುಣ್ಣಕಲ್ಲಿನ ನೆಲ, ಗಡಸು ನೀರು. ಕೆಟಲಿನ ಒಳಗೆ ಆರು ತಿಂಗಳಿಗೆ ಮೊಟ್ಟೆಯ ಚಿಪ್ಪಿನಷ್ಟು ದಪ್ಪ ಸುಣ್ಣ ಕೂರುತ್ತದೆ. ಸೋಪು ಒಡೆದ ಹಾಲಿನ ಹಾಗೆ ತೇಲುತ್ತದೆ, ಒಗೆಯುವ ಸೋಡಾ ಹಾಕದೆ ಬೇರೆ ದಾರಿಯಿಲ್ಲ. ನನ್ನ ಟವೆಲ್ಲೂ ಹಲಗೆಯೇ, ನನ್ನ ಕೂದಲೂ ಹಾಗೆಯೇ. ನೀರನ್ನು ನಾನು ಹೆತ್ತಿಲ್ಲ.

ಅವಳು ಮಲಗುವುದು ನನ್ನ ಕೋಣೆಯ ಪಕ್ಕದ ಕೋಣೆಯಲ್ಲಿ, ಕಿಟಕಿಯ ಹತ್ತಿರ. ಕಲ್ಲಿದ್ದಲ ಕೋಣೆ ಅಂದಿರಲ್ಲ, ಅದನ್ನು ನಾನು ಮರೆಯುವುದಿಲ್ಲ.

ಈಗ ನನಗೂ ಒಂದು ಸಂಶಯವಿದೆ, ಕೇಳಿಬಿಡುತ್ತೇನೆ. ಅಂಚೆಯವನು ಬಾಗಿಲು ಬಡಿದರೆ ಹೆಟ್ಟಿ ಮೇಜಿನ ಕೆಳಗೆ ಹೋಗಿ ಕೂರುತ್ತಾಳೆ. ನಿಮ್ಮ ಕಾಗದ ಬಂದಾಗ ಮಾತ್ರ ಹೊರಗೆ ಬರುವುದಿಲ್ಲ. ಯಾಕೆ?

ಕಂಬಳಿ ಇನ್ನೂ ಬಂದಿಲ್ಲ.

ಓಲಿವ್

ಮಿರ್‌ಫೀಲ್ಡ್
ಭಾನುವಾರ, 29 ಏಪ್ರಿಲ್

ಓಲಿವ್‌ಗೆ,

ನೀರಿನ ಕಥೆ ಒಪ್ಪಿದೆ. ಗಿರಣಿಯ ಬಣ್ಣದ ಮೇಸ್ತ್ರಿಯನ್ನು ಕೇಳಿದೆ, ಹೌದು ಅಂದ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳಿಗೆ ನೀರಿನಲ್ಲೂ ಗಡಸು ಇರುತ್ತದೆಂದು ಹೊಳೆಯಲಿಲ್ಲ. ಅದು ನನ್ನ ತಪ್ಪು.

ಆದರೆ ಅಷ್ಟು ಸುಲಭಕ್ಕೆ ನಾನು ಬಿಟ್ಟುಬಿಡುತ್ತೇನೆ ಅಂದುಕೊಳ್ಳಬೇಡ. ಕಂಬಳಿಯನ್ನು ಯಾರೇ ಆಗಲಿ ವರ್ಷಕ್ಕೆ ಎರಡು ಸಲ ಒಗೆಯುತ್ತಾರೆ. ಎರಡು ಸಲ ಸಮುದ್ರದ ನೀರಿನಲ್ಲಿ ಅದ್ದಿದರೂ ಹೀಗಾಗುವುದಿಲ್ಲ. ಈ ಕಂಬಳಿಯನ್ನು ನಾಲ್ಕು ತಿಂಗಳಲ್ಲಿ ಕಡಿಮೆಯೆಂದರೆ ಮೂವತ್ತು ಸಲ ಒಗೆದಿದ್ದೀ. ನನ್ನ ಕೈ ಹೇಳುತ್ತಿದೆ, ಅದು ಸುಳ್ಳು ಹೇಳುವುದಿಲ್ಲ. ಏಳು ವರ್ಷದ ಮಗುವಿನ ಕಂಬಳಿಯಿಂದ ಏನನ್ನು ಹಾಗೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದೀ? ರಕ್ತವಾ?

ಹದಿನೈದು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ನಾನು ಬರುವಾಗ ಒಬ್ಬಳೇ ಬರುವುದಿಲ್ಲ, ಪೊಲೀಸರನ್ನು ಕರೆದುಕೊಂಡು ಬರುತ್ತೇನೆ.

ಇನ್ನು ನೀನು ಕೇಳಿದ ಪ್ರಶ್ನೆ. ಮಕ್ಕಳು ಮೇಜಿನ ಕೆಳಗೆ ಕೂರುತ್ತಾರೆ.

ಆನಿಸ್

ಗ್ರೇವ್ಸೆಂಡ್
9 ಮೇ

ಮಿಸ್ ಸಟ್‌ಕ್ಲಿಫ್,

ನಿಮ್ಮ ಕೈ ಸರಿಯಾಗಿಯೇ ಎಣಿಸಿದೆ. ಮೂವತ್ತಲ್ಲ, ಇನ್ನೂ ಹೆಚ್ಚಿರಬಹುದು.

ಯಾರಿಗೂ, ಅದರಲ್ಲೂ ನಿಮಗೆ, ಹೇಳುವುದಿಲ್ಲ ಎಂದು ಹೆಟ್ಟಿ ಇಲ್ಲಿಗೆ ಬಂದ ವಾರವೇ ಅವಳಿಗೆ ಮಾತು ಕೊಟ್ಟಿದ್ದೆ. ಪೊಲೀಸರ ಮಾತು ಬಂದ ಮೇಲೆ ಏನು ಮಾಡಲಿ? ಅವಳನ್ನೇ ಕೂರಿಸಿಕೊಂಡು, ಹೇಳದಿದ್ದರೆ ದೊಡ್ಡಮ್ಮ ಕರೆದುಕೊಂಡು ಹೋಗುತ್ತಾರೆ ಎಂದೆ. ಅವಳು ಮೇಜಿನ ಕೆಳಗೆ ಹೋದಳು. ಒಳಗಿಂದಲೇ, "ಸರಿ ಬರಿ. ಆದ್ರೆ ಚಿಕ್ಕ ಅಕ್ಷರದಲ್ಲಿ ಬರಿ" ಅಂದಳು. ಹಾಗಾಗಿ ಮುಂದಿನ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ.

ಅವಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ.

ವಾರಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು. ಆ ಕಂಬಳಿಯನ್ನು ಸುತ್ತಿಕೊಂಡೇ ಮಲಗುವುದರಿಂದ ಅದೂ ಒದ್ದೆಯಾಗುತ್ತದೆ. ಬೇರೆ ಕಂಬಳಿ ಕೊಟ್ಟರೆ ಹೊದೆಯುವುದಿಲ್ಲ. ಡಾಕ್ಟರು, ತಾಯಿ ಸತ್ತ ಮಕ್ಕಳಲ್ಲಿ ಇದು ಸಾಮಾನ್ಯ, ತಾನಾಗಿ ನಿಲ್ಲುತ್ತದೆ ಎಂದಿದ್ದಾರೆ. ಸಂಜೆ ಚಹಾ ಆದ ಮೇಲೆ ಏನೂ ಕುಡಿಸಬೇಡಿ ಎಂದರು. ನಿಮ್ಮ ಕಂಬಳಿ ಇಲ್ಲಿಂದ ಹೋದ ಮೇಲೆ ಇನ್ನೂ ಹೆಚ್ಚಾಗಿದೆ.

ಒಲೆಯ ಮುಂದೆ ಯಾಕೆ ಒಣಗಿಸುತ್ತೇನೆ ಗೊತ್ತೇ? ಮೊದಲ ಸಲ ಅಂಗಳದಲ್ಲಿ ಹಾಕಲು ಹೊರಟಾಗ ಅವಳು ನನ್ನ ಲಂಗ ಹಿಡಿದು ನೆಲಕ್ಕೆ ಬಿದ್ದು ಅತ್ತಳು. "ಹೊರಗೆ ಬೇಡ, ಇವತ್ತು ಗುರುವಾರ" ಅಂದಳು. ನನಗೆ ಏನೂ ಅರ್ಥವಾಗಲಿಲ್ಲ. ಎಷ್ಟೋ ವಾರ ಬಿಟ್ಟು ಚೂರುಚೂರಾಗಿ ಹೇಳಿದಳು. ನಿಮ್ಮ ಬೀದಿಯಲ್ಲಿ ಎಲ್ಲರೂ ಸೋಮವಾರವೇ ಒಗೆಯುವುದಂತೆ. ಈ ಮನೆಯಿಂದ ಎದುರು ಮನೆಗೆ ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟುವುದಂತೆ. ಬೇರೆ ದಿನ ಯಾರ ಬಾಗಿಲಲ್ಲಾದರೂ ಬಟ್ಟೆ ಹಾರಿದರೆ ಆ ಮನೆಯಲ್ಲಿ ಏನೋ ಆಗಿದೆ ಎಂದು ಬೀದಿಗೆಲ್ಲ ಗೊತ್ತಾಗುವುದಂತೆ. ಒಂದು ಗುರುವಾರ ನೀವು ಅವಳ ಹಾಸಿಗೆ ಬಟ್ಟೆಯನ್ನು ಹಾಗೆ ಬೀದಿಗೆ ಅಡ್ಡ ಹಾಕಿದಿರಂತೆ. "ನಾಚ್ಕೆ ಆದ್ರೆ ನಿಲ್ಲತ್ತೆ" ಅಂದಿರಂತೆ. ಅವಳು ಅದರ ಕೆಳಗೇ ನಡೆದು ಶಾಲೆಗೆ ಹೋಗಬೇಕಾಯಿತಂತೆ, ಹುಡುಗರು ಹಾಡು ಕಟ್ಟಿ ಹಾಡಿದರಂತೆ. ಇದೆಲ್ಲ ಸುಳ್ಳಾಗಿದ್ದರೆ ಹೇಳಿ, ನಾನೇ ಕ್ಷಮೆ ಕೇಳುತ್ತೇನೆ.

ಅಪ್ಪ ತನ್ನನ್ನು ಕರೆದುಕೊಂಡು ಹೋಗುವಾಗ ನೀವು ಬೇಡ ಅನ್ನದೇ ಇದ್ದದ್ದೂ ಇದೇ ಕಾರಣಕ್ಕೆ ಎಂದು ಅವಳು ನಂಬಿದ್ದಾಳೆ. ಟ್ರಿಂಡರ್ ಬಂದ ದಿನ ಬಾಗಿಲ ಹಿಂದೆ ಇದ್ದದ್ದು ಒಂದು ಹಾಸಿಗೆ ಬಟ್ಟೆ, ನಿಮ್ಮ ಕಂಬಳಿ, ಎರಡು ಕುರ್ಚಿ.

ಶನಿವಾರ ಬನ್ನಿ, ವಿಲ್ಫ್ರೆಡ್ ಮಾತು ಕೊಟ್ಟಿದ್ದಾರೆ, ನಾನು ಬಾಗಿಲು ಹಾಕಲಾರೆ. ಪೆಟ್ಟಿಗೆಯನ್ನು ಮಾತ್ರ ನಾನು ಕಟ್ಟುವುದಿಲ್ಲ. ಬೇಕಾದರೆ ನೀವೇ ಅವಳ ಕಣ್ಣೆದುರಿಗೆ ಕಟ್ಟಿ.

ಓಲಿವ್

ಮಿರ್‌ಫೀಲ್ಡ್
ಗುರುವಾರ, 17 ಮೇ

ಓಲಿವ್,

ಸುಳ್ಳಲ್ಲ.

ಇಷ್ಟು ಕಾಗದ ಬರೆದೆ, ಒಂದರಲ್ಲೂ ಅದನ್ನು ಬರೆಯಲಿಲ್ಲ. ಮರೆತಿದ್ದೆ ಅಂದುಕೊಳ್ಳಬೇಡ. ಆ ದಿನ ಅವಳು ಬಟ್ಟೆಯ ಕೆಳಗೆ ಬಗ್ಗಿಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿದ್ದೆ. ಬಗ್ಗುವ ಅಗತ್ಯವೇ ಇರಲಿಲ್ಲ, ಹಗ್ಗ ಅವಳ ತಲೆಗಿಂತ ಎಷ್ಟೋ ಮೇಲಿತ್ತು. ನನ್ನಮ್ಮ ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದೆ. ನನಗೆ ನಿಂತಿತ್ತು, ಅವಳಿಗೂ ನಿಂತಿತು ಅಂದುಕೊಂಡೆ. ನನಗೆ ಅದರ ಜೊತೆ ಇನ್ನೂ ಏನೇನು ನಿಂತುಹೋಯಿತು ಎಂದು ಯೋಚಿಸಿರಲಿಲ್ಲ. ನಿನ್ನ ಕಾಗದ ಬಂದು ಒಂದು ವಾರವಾಯಿತು, ನಾನು ಸರಿಯಾಗಿ ಊಟ ಮಾಡಿಲ್ಲ.

ಶನಿವಾರ ಬರುವುದಿಲ್ಲ. ಹುಡುಗಿ ನಿನ್ನ ಹತ್ತಿರವೇ ಇರಲಿ, ಹಬ್ಬಕ್ಕೂ, ಹಬ್ಬ ಆದ ಮೇಲೂ. ವಿಲ್ಫ್ರೆಡ್‌ಗೂ ಹಾಗೆಯೇ ಬರೆದಿದ್ದೇನೆ. ಕಂಬಳಿಗೆ ಮತ್ತೆ ನವಿರು ಏಳಲಿಲ್ಲ, ಮೂರು ಸಲ ಎಳೆಸಿದೆ. ಹಾಗೇ ಕಳಿಸುತ್ತಿದ್ದೇನೆ, ಅವಳಿಗೆ ಬೇಕಾದದ್ದು ಅದೇ ತಾನೆ. ಹೊಸ ಬಟ್ಟೆಯನ್ನೂ ಅದರೊಳಗೆ ಸುತ್ತಿಟ್ಟಿದ್ದೇನೆ. ಕಲ್ಲಿದ್ದಲ ಕೋಣೆ ಎಂದು ಬರೆದಿದ್ದೆನಲ್ಲ, ಅದನ್ನು ನೀನು ಮರೆಯಬೇಡ, ನಾನೂ ಮರೆಯುವುದಿಲ್ಲ.

ಇನ್ನು ಮುಂದಿನದನ್ನು ಹೆಟ್ಟಿಗೆ ಓದಿ ಹೇಳು. ದೊಡ್ಡ ಅಕ್ಷರದಲ್ಲಿಯೇ ಬರೆದಿದ್ದೇನೆ.

ಹೆಟ್ಟಿ, ನಿನ್ನ ದೊಡ್ಡಮ್ಮ ಹಾಸಿಗೆ ಒದ್ದೆ ಮಾಡಿಕೊಂಡಳು. ಐವತ್ತೊಂದು ವರ್ಷದವಳು. ಬೆಳಿಗ್ಗೆ ಗಿರಣಿಗೆ ರಜೆ ಹೇಳಿ ಬಟ್ಟೆ ಒಗೆದು ಬೀದಿಗೆ ಅಡ್ಡ ಹಾಕಿದೆ. ಗುರುವಾರ. ನನ್ನ ಹಗ್ಗ ಬಿಟ್ಟರೆ ಬೀದಿಯಲ್ಲಿ ಇನ್ನೊಂದು ಹಗ್ಗವಿಲ್ಲ. ಎದುರು ಮನೆಯ ಮಿಸೆಸ್ ಬೂತ್ರಾಯ್ಡ್ ಹೊಸಿಲು ಉಜ್ಜುವುದನ್ನು ನಿಲ್ಲಿಸಿ, "ಏನ್ ಆನಿಸ್, ಇವತ್ತು ಗುರುವಾರ ಅಲ್ವಾ?" ಅಂದಳು. "ಹೌದು ಕಣೆ, ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಂಡೆ" ಅಂದೆ. ಅವಳ ಕೈಯಿಂದ ಉಜ್ಜುವ ಕಲ್ಲು ಬಿತ್ತು. ಹಾಲಿನವನು ಕೇಳಿದ, ಅವನಿಗೂ ಹೇಳಿದೆ. ಶಾಲೆಗೆ ಹೋಗುವ ಹುಡುಗರು ನಿಂತು ನೋಡಿದರು. ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಸಂಜೆವರೆಗೆ ಕೂತಿದ್ದೆ, ಒಳಗೆ ಹೋಗಲಿಲ್ಲ.

ನಿನ್ನನ್ನು ನಾನು ಕೊಟ್ಟುಬಿಡಲಿಲ್ಲ, ಮಗಾ. ನಿನ್ನ ಅಪ್ಪ ಕೇಳಿದ, ನನಗೆ ಬೇಡ ಅನ್ನಲು ಬಾಯಿ ಬರಲಿಲ್ಲ, ಅಷ್ಟೇ. ನೀನು ಹೋದಾಗಿನಿಂದ ಮನೆ ಬಿಕೋ ಅನ್ನುತ್ತಿದೆ.

ದೊಡ್ಡಮ್ಮ

ಗ್ರೇವ್ಸೆಂಡ್
ಶನಿವಾರ, 19 ಮೇ

ಪ್ರಿಯ ಆನಿಸ್,

ಕಾಗದವೂ ಕಂಬಳಿಯೂ ಇವತ್ತು ಬೆಳಿಗ್ಗೆ ಒಟ್ಟಿಗೇ ಬಂದವು. ಅಂಚೆಯವನು ಬಾಗಿಲು ಬಡಿದಾಗ ಹೆಟ್ಟಿ ಎಂದಿನಂತೆ ಮೇಜಿನ ಕೆಳಗೆ ಹೋದಳು. ನಾನು ಕುರ್ಚಿ ಎಳೆದುಕೊಂಡು, ನೀವು ಓದು ಎಂದದ್ದನ್ನು ಗಟ್ಟಿಯಾಗಿ ಓದಿದೆ. "ಮಿಸೆಸ್ ಬೂತ್ರಾಯ್ಡ್‌ಗೂ ಹೇಳಿದ್ರಾ?" ಅಂತ ಕೇಳಿದಳು. ಹೌದು ಎಂದೆ. ಇನ್ನೊಮ್ಮೆ ಓದು ಎಂದಳು. ಮೂರು ಸಲ ಓದಿಸಿದಳು, ಮೂರನೆಯ ಸಲಕ್ಕೆ ಹೊರಗೆ ಬಂದು ನನ್ನ ಪಕ್ಕ ಕೂತಳು.

ಜೂನ್ ತಿಂಗಳಲ್ಲಿ ನಿಮಗೆ ರಜೆ ಸಿಕ್ಕಿದರೆ ಬನ್ನಿ. ಟ್ರಿಂಡರ್ ಅವರನ್ನು ಕರೆತರಬೇಡಿ.

ಆಮೇಲೆ ಹೆಟ್ಟಿ ಪೆನ್ನು ಕೇಳಿದಳು. ಏನು ಬರೆದಿದ್ದಾಳೋ ನನಗೆ ತೋರಿಸಲಿಲ್ಲ, ಮಡಚಿ ಅಂಟು ಹಾಕಿ ಕೊಟ್ಟಿದ್ದಾಳೆ. ಜೊತೆಗಿಟ್ಟಿದ್ದೇನೆ.

ನಿಮ್ಮ,
ಓಲಿವ್

ದೊಡ್ಡಮ್ಮ,

ನೀವು ಬೇಜಾರು ಮಾಡಿಕೊಳ್ಳಬೇಡಿ. ಅದು ದೊಡ್ಡವರಿಗೂ ಆಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಸಂಜೆ ಚಹಾ ಆದ ಮೇಲೆ ಏನೂ ಕುಡಿಯಬೇಡಿ. ಒದ್ದೆ ಆದರೆ ಅಲ್ಲೇ ಮಲಗಿರಬೇಡಿ, ಚಳಿ ಆಗುತ್ತೆ. ಇಲ್ಲಿಗೆ ಬಂದಾಗ ಆದರೆ ಎದ್ದು ಓಲಿವ್‌ನ ಕರೆಯಿರಿ, ಅವಳು ಬೈಯಲ್ಲ. ಒಲೆ ಮುಂದೆ ಒಣಗಿಸೋಣ. ನಾನು ಯಾರಿಗೂ ಹೇಳಲ್ಲ.

ಹೆಟ್ಟಿ